ಗಾಡಿ ಕೊಡಬೇಡ

ಬೋಡಿಮೆಟ್ಟು
ಆಗಸ್ಟ್ 5, 2024

ಅತ್ತೆಗೆ, ಗೋಮತಿ ಕಾಲಿಗೆ ಬಿದ್ದು ಬರೆಯುವುದು.

ನಾವಿಬ್ಬರೂ ಚೆನ್ನಾಗಿದ್ದೇವೆ ಎಂದು ಮೊದಲು ಬರೆಯಬೇಕಲ್ಲ, ಬರೆದೆ. ಫೋನ್ ಮಾಡಿದರೆ ನೀವು ಎಲ್ಲದಕ್ಕೂ "ಆಂ, ಆಂ" ಎಂದು ಇಟ್ಟುಬಿಡುತ್ತೀರಿ. ಕಿವಿಯ ಮೆಷಿನ್ ಇನ್ನೂ ಪೆಟ್ಟಿಗೆಯಲ್ಲೇ ಇದೆಯಂತೆ, ಮೂಕಯ್ಯ ಅಣ್ಣ ಹೇಳಿದರು. ಅವರ ಜೀಪು ದಿನಾ ತೇವಾರಂನಿಂದ ಏಲಕ್ಕಿ ಕೊಯ್ಯುವ ಹೆಂಗಸರನ್ನು ಹತ್ತಿಸಿಕೊಂಡು ನಮ್ಮ ಎಸ್ಟೇಟಿಗೆ ಬರುತ್ತದಲ್ಲ, ಇನ್ನು ಮೇಲೆ ಕಾಗದ ಅವರ ಕೈಯಲ್ಲೇ. ನಿಮ್ಮ ಅಪ್ಪಣೆಯಂತೆ ತಮಿಳು ಬಿಟ್ಟು ನಮ್ಮ ಮಾತಲ್ಲೇ ಬರೆಯುತ್ತಿದ್ದೇನೆ. ಅಕ್ಷರ ಮಾತ್ರ ತಮಿಳು. ಕನ್ನಡದ ಅಕ್ಷರವನ್ನು ನಮ್ಮ ವಂಶದಲ್ಲಿ ಯಾರು ಕಂಡಿದ್ದಾರೆ.

ವಿಷಯ ಎಳಿಲ್ ಬಾವನದು. ನಿಮ್ಮ ಮಗನ ಮೇಲೆ ನಿಮಗೇ ದೂರು ಬರೆಯುತ್ತಿದ್ದೇನೆ, ಬೈಯಬೇಡಿ.

ನಾವು ಈ ಕ್ವಾರ್ಟರ್ಸಿಗೆ ಬಂದಾಗಿನಿಂದ ಭಾನುವಾರವೆಂದರೆ ನಮ್ಮ ಮನೆಯಲ್ಲಿ ದಾಯದ ಆಟ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆಗಳನ್ನು ಬರೆದು ಹಿತ್ತಾಳೆ ದಾಳ ಉರುಳಿಸುತ್ತಾರೆ. ನಮ್ಮ ಮನೆಯವರು, ಏಲಕ್ಕಿ ತೂಗುವ ರಾಮಸಾಮಿ ಅಣ್ಣ, ಚೆಕ್‌ಪೋಸ್ಟಿನ ಹತ್ತಿರ ಚಹಾದಂಗಡಿ ಇಟ್ಟಿರುವ ಚಿನ್ನತಂಬಿ, ಮತ್ತೆ ಊರಿಂದ ಬೈಕಿನಲ್ಲಿ ಬರುವ ನಿಮ್ಮ ಮಗ. ಮಧ್ಯಾಹ್ನ ಕೂತರೆ ದೀಪ ಹಚ್ಚುವ ತನಕ. ಕಾಯಿ ಕಡಿಸಿಕೊಂಡವನು ಒಂದು ಗುಟುಕು ಕುಡಿಯಬೇಕು ಎಂದು ಒಂದು ಕಟ್ಟಳೆ ಮಾಡಿಕೊಂಡಿದ್ದಾರೆ. ಉಳಿದವರು ಕುಡಿದು ಪಕ್ಕದ ಲೈನ್ ಮನೆಗೆ ಹೋಗಿ ಬಿದ್ದುಕೊಳ್ಳುತ್ತಾರೆ. ಬಾವ ಮಾತ್ರ ಆ ಮಂಜಿನಲ್ಲಿ, ಅಷ್ಟೊಂದು ತಿರುವು ಇಳಿದು ಬೋಡಿ ದಾಟಿ ಮನೆ ಸೇರಬೇಕು. ಅವರು ಹೋದ ಮೇಲೆ ನನಗೆ ಅನ್ನ ಇಳಿಯುವುದಿಲ್ಲ. ಒಲೆಗೂ ಬಾಗಿಲಿಗೂ ಓಡಾಡುತ್ತೇನೆ. ಯಾವುದೋ ಲಾರಿ ತಿರುವಿನಲ್ಲಿ ಹಾರನ್ ಹೊಡೆದರೂ ಎದ್ದು ಬಾಗಿಲಿಗೆ ಹೋಗುತ್ತೇನೆ.

ನಾನು ಗಟ್ಟಿಯಾಗಿ ಬೇಡ ಎನ್ನುವ ಹಾಗಿಲ್ಲ. ನಮ್ಮ ಮುರೆಯ ಪ್ರಕಾರ ಅತ್ತೆ ಮಗನಿಗೇ ನಾನು ಸಲ್ಲಬೇಕಿತ್ತು, ಅಪ್ಪ ಬೇರೆ ಕಡೆ ಕೊಟ್ಟರು. ಈಗ ನಾನು ಒಂದು ಮಾತು ಜೋರಾಗಿ ಆಡಿದರೂ ನೋಡುವವರು ಅದಕ್ಕೆ ಎರಡು ಅರ್ಥ ಹುಟ್ಟಿಸುತ್ತಾರೆ. ಹೊರಡುವ ಮುಂಚೆ ಒಂದು ಚೊಂಬು ಕಾಡಿ ಕೊಡುತ್ತೇನೆ. ಹುಳಿ ಬಂದ ಅನ್ನದ ನೀರಿಗೆ ಉಪ್ಪು, ಸಣ್ಣ ಈರುಳ್ಳಿ. ಅದನ್ನು ಕುಡಿದು ಸ್ವಲ್ಪ ಹೊತ್ತು ಜಗುಲಿಯಲ್ಲಿ ಕೂರುತ್ತಾರೆ, ಕಣ್ಣು ತಿಳಿಯಾಗುತ್ತದೆ. ಅದು ಸರಿಯೋ ತಪ್ಪೋ ನನಗೆ ತಿಳಿಯದು. ಕುಡಿದು ಕೂತ ನೆಂಟರನ್ನು ಹೇಗೆ ನಿಭಾಯಿಸಬೇಕು, ನೀವು ಹೇಳಿಕೊಡಿ. ನಿಮ್ಮ ಮಾತೆಂದರೆ ನನಗೂ ಧೈರ್ಯ.

ಗೋಮತಿ

*

ತೇವಾರಂ
ಆಗಸ್ಟ್ 8

ನನ್ನ ಕಣ್ಣು ಗೋಮತಿಗೆ, ಪಿಚ್ಚೈಯಮ್ಮಾಳ್ ಅತ್ತೆಯ ಆಶೀರ್ವಾದ.

ಮೆಷಿನ್ ವಿಷಯ ಎತ್ತಬೇಡ. ಅದನ್ನು ಹಾಕಿಕೊಂಡರೆ ಪಕ್ಕದ ಮನೆಯ ಮಿಕ್ಸಿ ನನ್ನ ತಲೆಯೊಳಗೇ ತಿರುಗುತ್ತದೆ. ಕೇಳದಿದ್ದರೆ ಏನು ನಷ್ಟ. ಈ ಊರಲ್ಲಿ ಕೇಳುವಂಥ ಮಾತು ಯಾರು ಆಡುತ್ತಾರೆ.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನನ್ನ ಹೆಗ್ಗಣ ಎಂಥದೆಂದು ನನಗೆ ಗೊತ್ತು. ಮೋಟಾರಿಗೆ ತಂತಿ ಸುತ್ತಲು ಕೂತರೆ ಅವನಂಥ ಕೈ ಈ ಸುತ್ತಿನಲ್ಲಿಲ್ಲ. ಭಾನುವಾರ ಬಂದರೆ ಅದೇ ಕೈಗೆ ಲೋಟ ಬೇಕು. ಹರಿಹರನ್‌ಗೆ ಆದರೂ ಬುದ್ಧಿ ಬೇಡವೇ. ಮನೆಯ ಯಜಮಾನ ಅವನು, ಬಾಟಲಿ ಒಳಗೆ ತರಬೇಡ ಎಂದು ಒಂದು ಮಾತು ಹೇಳಿದರೆ ಆಯಿತು.

ಇಷ್ಟು ಮಾಡು. ಆಟಕ್ಕೆ ಕೂರುವ ಮೊದಲೇ ಹೊಟ್ಟೆ ತುಂಬ ಬಡಿಸು. ಖಾಲಿ ಹೊಟ್ಟೆಗೆ ಬಿದ್ದದ್ದು ನೇರ ತಲೆಗೆ ಏರುತ್ತದೆ. ಪಕ್ಕದಲ್ಲಿ ನೀರಿನ ಬಿಂದಿಗೆ ಇರಲಿ. ಮಾತು ತೊದಲಲು ಶುರುವಾಯಿತೋ, ಆಟ ಯಾರದೇ ಕೈಯಲ್ಲಿರಲಿ, ಎಲೆ ಹಾಕಿ ರಸಂ ಅನ್ನ ಬಡಿಸಿಬಿಡು. ಎಲೆ ಹಾಕಿದ ಮೇಲೆ ನಮ್ಮವರು ಬಾಟಲಿ ಮುಟ್ಟುವುದಿಲ್ಲ, ಅಷ್ಟು ಮರ್ಯಾದೆ ಇನ್ನೂ ಉಳಿದಿದೆ. ವಾದ ಮಾಡಬೇಡ. ಕುಡುಕನ ಮಾತು ಬೆಳಗಾದರೆ ಹೋಯಿತು, ನೀನು ಆಡಿದ್ದು ಮಾತ್ರ ಉಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯ ಇದು. ಕುಡಿದವನಿಗೆ ಗಾಡಿ ಕೊಡಬೇಡ. ಎಷ್ಟು ಕೇಳಿದರೂ ಕೊಡಬೇಡ. ಅತ್ತರೂ ಕೊಡಬೇಡ. ಅತ್ತೆಯ ಆಣೆ ಎಂದು ಹೇಳು.

ನಿನ್ನ ಅತ್ತೆ

*

ಬೋಡಿಮೆಟ್ಟು
ಆಗಸ್ಟ್ 19

ಅತ್ತೆ,

ನೀವು ಹೇಳಿದಂತೆಯೇ ಮಾಡಿದೆ. ಮೊದಲೇ ಬಡಿಸಿದ್ದಕ್ಕೆ ರಾಮಸಾಮಿ ಅಣ್ಣ ಆಟದ ನಡುವೆಯೇ ಗೊರಕೆ ಹೊಡೆದರು. ಬಾವನ ಕಾಯಿ ಮೇಲಿಂದ ಮೇಲೆ ಕಡಿದುಹೋಗುತ್ತಿತ್ತು. ಬೇಕೆಂದೇ ಕಡಿಸಿಕೊಳ್ಳುತ್ತಾರೋ ಏನೋ. ಮಾತು ತೊದಲಿದಾಗ ಎಲೆ ಹಾಕಿದೆ. ನಮ್ಮ ಮನೆಯವರಿಗೆ ಕೋಪ ಬಂತು, "ಆಟ ಮುಗಿಯಾದ್ರೊಳ್ಗೆ ಯಾಕ್ ಎಲೆ ಹಾಕ್ದೆ" ಎಂದರು. ನಾನು ರಸಂ ಬಡಿಸಿದೆ.

ಮುಖ್ಯವಾದ ಮಾತನ್ನೂ ಮೀರಲಿಲ್ಲ. ಕಾಡಿ ಕೊಡಲಿಲ್ಲ. ಬಾವ ಬಾಗಿಲಲ್ಲಿ ನಿಂತು ಕೇಳಿದರು, "ಕೊಡು ಗೋಮತಿ, ಅದಿಲ್ದೆ ನಾ ಮಲೆ ಹೆಂಗ್ ಇಳ್ಯಾದು?" ಎಂದರು. ಪಾಪ ಅನಿಸಿತು. "ಅತ್ತೆ ಆಣೆ, ಕೊಡಾಕಿಲ್ಲ" ಎಂದೆ. ನಿಮ್ಮ ಹೆಸರು ಕೇಳಿದ್ದೇ ಮುಖ ಸಣ್ಣಗಾಯಿತು. ಚಪ್ಪಲಿ ಮೆಟ್ಟಿ ಹೊರಟುಬಿಟ್ಟರು.

ನಾನು ಮಾಡಿದ್ದು ಸರಿಯೇ ಅತ್ತೆ? ನನಗೇಕೋ ಸಮಾಧಾನವಿಲ್ಲ.

ಗೋಮತಿ

*

ತೇವಾರಂ
ಆಗಸ್ಟ್ 23

ಗೋಮತಿ,

ನೂರಕ್ಕೆ ನೂರು ಸರಿ. ನಿನ್ನ ಕಾಗದ ಓದಿ ನನ್ನ ಅಣ್ಣನ ಮಗಳು ಎಂದು ಪಕ್ಕದ ಮನೆಯ ದೈವಾನೈ ಹತ್ತಿರ ಜಂಭ ಕೊಚ್ಚಿಕೊಂಡೆ. ಅವನು ಬಂದದ್ದು ನನಗೆ ಕೇಳಲಿಲ್ಲ, ಎದ್ದು ನೋಡಿದರೆ ಹಜಾರದಲ್ಲಿ ಮಲಗಿದ್ದ. ಹೇಗೆ ಇಳಿದನೋ, ಎಷ್ಟು ಹೊತ್ತಿಗೆ ಇಳಿದನೋ, ನಾನು ಕೇಳಲಿಲ್ಲ. ಕೇಳಿದರೆ ನಾನೇ ಹೇಳಿಕೊಟ್ಟದ್ದು ಎಂದು ಜಗಳ. ಮಾರನೆಯ ದಿನ ಮುಖ ಗಂಟು ಹಾಕಿಕೊಂಡು ಅಂಗಡಿಗೆ ಹೋದ. ಹಾಕಿಕೊಳ್ಳಲಿ.

ಇನ್ನು ಮೇಲೂ ಹೀಗೆಯೇ ಗಟ್ಟಿಯಾಗಿರು. ಬಹಳ ದಿನದ ಮೇಲೆ ಭಾನುವಾರ ನನಗೆ ನಿದ್ದೆ ಹತ್ತಿತು.

ಅತ್ತೆ

*

ಬೋಡಿಮೆಟ್ಟು
ಸೆಪ್ಟೆಂಬರ್ 10

ಅತ್ತೆ,

ನಿನ್ನೆ ತೇನಿ ಆಸ್ಪತ್ರೆಯಲ್ಲಿ ನಾನು ನಿಮ್ಮ ಪಕ್ಕದಲ್ಲೇ ಅಷ್ಟು ಹೊತ್ತು ನಿಂತಿದ್ದೆ. ನೀವು ತಲೆ ಎತ್ತಿ ನೋಡಲಿಲ್ಲ. ಕೈ ಹಿಡಿಯಲು ಬಂದರೆ ಸೆರಗಿನೊಳಗೆ ಎಳೆದುಕೊಂಡಿರಿ. ಕೇಳಿಸದವರ ಮುಂದೆ ನಾನು ಏನೆಂದು ಹೇಳಲಿ, ಅದಕ್ಕೇ ಬರೆಯುತ್ತಿದ್ದೇನೆ.

ನೀವು ಹೇಳಿದ ಒಂದು ಮಾತನ್ನೂ ನಾನು ತಪ್ಪಿಸಲಿಲ್ಲ. ಈ ಭಾನುವಾರವೂ ಊಟ ಹಾಕಿದೆ, ನೀರು ಇಟ್ಟೆ, ಎಲೆ ಹಾಕಿದೆ. ಬಾವ ಈ ಸಲ ಏನೂ ಕೇಳಲೇ ಇಲ್ಲ, ಜಗುಲಿಯಲ್ಲಿ ಕೂರಲೂ ಇಲ್ಲ. ಎದ್ದವರೇ ಹೊರಟರು. ಮಂಜು ಕವಿದಿತ್ತು. ಹಾಲಿನ ವ್ಯಾನಿನವರು ಬಂದು ಹೇಳಿದಾಗ ನಾನು ಎಲೆ ತೆಗೆಯುತ್ತಿದ್ದೆ. ತಿರುವಿನ ಕೆಳಗೆ ಲಾಂಟಾನದ ಪೊದೆ ತಡೆಯಿತಂತೆ. ಅದಿಲ್ಲದಿದ್ದರೆ ಎಂದು ಅವರು ಮಾತು ಮುಗಿಸಲಿಲ್ಲ.

ಕಾಲು ಮುರಿದಿದೆ, ಹೆಗಲಿನ ಮೂಳೆ ಮುರಿದಿದೆ, ಜೀವಕ್ಕೆ ಭಯವಿಲ್ಲ ಎಂದು ಡಾಕ್ಟರ್ ಹೇಳಿದರು. ನನಗೆ ಭಯ ಹೋಗಿಲ್ಲ. ಕಣ್ಣು ಮುಚ್ಚಿದರೆ ಬೈಕ್ ಇಳಿಯುವ ಸದ್ದು. ನೀವು ಒಂದು ಸಾಲು ಬರೆಯಿರಿ.

ಗೋಮತಿ

*

ಬೋಡಿಮೆಟ್ಟು
ಸೆಪ್ಟೆಂಬರ್ 24

ಅತ್ತೆ,

ಕಾಗದ ನಿಮ್ಮ ಕೈಗೇ ಕೊಟ್ಟೆ, ವಾಪಸು ಏನೂ ಕೊಡಲಿಲ್ಲ ಎಂದು ಮೂಕಯ್ಯ ಅಣ್ಣ ಹೇಳುತ್ತಾರೆ. ದಿನಾ ಜೀಪು ಬರುವ ಹೊತ್ತಿಗೆ ರಸ್ತೆಗೆ ಹೋಗಿ ನಿಲ್ಲುತ್ತೇನೆ. ಅವರು ದೂರದಿಂದಲೇ ಕೈ ಆಡಿಸಿಬಿಡುತ್ತಾರೆ.

ಒಂದು ಮಾತು ನಿಮ್ಮಿಂದ ಮುಚ್ಚಿಟ್ಟಿದ್ದೆ. ಬಾಟಲಿ ತರುತ್ತಿದ್ದದ್ದು ಬಾವ ಅಲ್ಲ, ಇವರೇ. ಯಜಮಾನ ಬೇಡ ಎಂದರೆ ಆಯಿತು ಎಂದು ನೀವು ಬರೆದಾಗ ನನಗೆ ಉತ್ತರ ಬರೆಯಲು ಆಗಲಿಲ್ಲ. ಮುರೆಗಾರನ ಹುಡುಗಿಯನ್ನು ತಾನು ಕಟ್ಟಿಕೊಂಡೆ, ಅವನು ಮನೆಗೆ ಬಂದರೆ ಯಾವುದಕ್ಕೂ ಕಡಿಮೆ ಮಾಡಬಾರದು ಎನ್ನುವುದು ಇವರ ಲೆಕ್ಕ. ಗಂಡನನ್ನು ಬಿಟ್ಟುಕೊಡಬಾರದು ಎಂದು ನಾನೂ ಸುಮ್ಮನಿದ್ದೆ. ಈಗ ಇವರು ನೆಲದ ಮೇಲಿನ ಸೀಮೆಸುಣ್ಣದ ಗೆರೆಗಳನ್ನು ತಾವೇ ಒರೆಸಿದ್ದಾರೆ.

ಬೈಯಬೇಕಾದರೆ ಬೈದು ಬರೆಯಿರಿ. ಸುಮ್ಮನಿರಬೇಡಿ.

ಗೋಮತಿ

*

ತೇವಾರಂ
ಅಕ್ಟೋಬರ್ 2

ಗೋಮತಿಗೆ,

ಬೈಯಲು ಹೇಳಿದೆಯಲ್ಲ, ಬೈಯುತ್ತೇನೆ. ಹರಿಹರನ್ ಬಾಟಲಿ ತಂದದ್ದು ನನಗೆ ದೊಡ್ಡದಲ್ಲ. ಗಂಡಸರು ತರುತ್ತಾರೆ. ನೀನು ನನಗೆ ಸುಳ್ಳು ಯಾಕೆ ಬರೆದೆ? ಗಾಡಿ ಕೊಡಲಿಲ್ಲ ಎಂದು ನಿನ್ನ ಕೈಯಾರೆ ಬರೆದೆ. ಅದನ್ನು ನಂಬಿ ನಾನು ಭಾನುವಾರಗಳಲ್ಲಿ ಹಾಯಾಗಿ ಮಲಗಿದೆ. ಗಾಡಿ ಕೊಡದಿದ್ದರೆ ಅವನು ಗಾಡಿ ಸಮೇತ ಪೊದೆಗೆ ಹೇಗೆ ಬಿದ್ದ? ಗಾಡಿಯ ಮುಂದಿನ ಚಕ್ರವನ್ನು ಪೊಲೀಸಿನವರು ಬೇರೆ ಎತ್ತಿಕೊಂಡು ಬಂದರಲ್ಲ, ಅದು ಎಲ್ಲಿಂದ ಬಂತು?

ಕೊಡಲು ಮನಸ್ಸಾಗಿದ್ದರೆ ಕೊಟ್ಟೆ ಎಂದೇ ಬರೆಯಬೇಕಿತ್ತು. ನಾನೇ ಹತ್ತಿ ಬಂದು ಅವನನ್ನು ಕಿವಿ ಹಿಡಿದು ಇಳಿಸಿಕೊಂಡು ಹೋಗುತ್ತಿದ್ದೆ. ನನ್ನನ್ನು ಕಿವುಡಿ ಎಂದುಕೊಂಡೆ, ಸರಿ. ಕುರುಡಿಯೂ ಎಂದುಕೊಂಡೆಯಾ?

ಪಿಚ್ಚೈಯಮ್ಮಾಳ್

*

ಬೋಡಿಮೆಟ್ಟು
ಅಕ್ಟೋಬರ್ 3

ಅತ್ತೆ,

ನಿಮ್ಮ ಕಾಗದವನ್ನು ಮತ್ತೆ ಮತ್ತೆ ಓದಿದೆ. ಕಾಡಿ ಸಮೇತ ಪೊದೆಗೆ ಹೇಗೆ ಬಿದ್ದ ಎಂದು ಓದಿ, ಮಗನ ಚಿಂತೆಯಲ್ಲಿ ಅತ್ತೆಗೆ ತಲೆ ಕೆಟ್ಟಿದೆ ಎಂದುಕೊಂಡೆ. ಮುಂದಿನ ಸಾಲಿಗೆ ಬಂದೆ. ಕಾಡಿಗೆ ಮುಂದಿನ ಚಕ್ರ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನಗು ಬಂತು ಅತ್ತೆ, ಆಮೇಲೆ ನಿಲ್ಲದ ಅಳು ಬಂತು.

ನೀವು ಬರೆದದ್ದು ಗಾಡಿ. ಬೈಕ್. ನಾನು ಓದಿದ್ದು ಕಾಡಿ. ತಮಿಳಲ್ಲಿ ಎರಡಕ್ಕೂ ಒಂದೇ ಅಕ್ಷರವಲ್ಲವೇ, ಬಾಯಲ್ಲಿ ಆಡಿದರೆ ಮಾತ್ರ ಬೇರೆ. ಹುಳಿನೀರು ಕೊಡಲೋ ಬೇಡವೋ ಎಂದು ನಾನು ಕೇಳಿದ್ದಕ್ಕೆ ನೀವು ಬೇಡ ಎಂದಿರಿ ಎಂದುಕೊಂಡೆ. ಕಾಡಿ ಕೊಡಲಿಲ್ಲ ಎಂದು ನಾನು ಬರೆದದ್ದನ್ನು ನೀವು ಗಾಡಿ ಕೊಡಲಿಲ್ಲ ಎಂದು ಓದಿ ನಿದ್ದೆ ಮಾಡಿದಿರಿ. ನಾನು ಸುಳ್ಳು ಬರೆಯಲಿಲ್ಲ. ನಿಮ್ಮ ಆಣೆ ಇಟ್ಟು ನಾನು ಕಾದದ್ದು ಒಂದು ಚೊಂಬು ಹುಳಿನೀರನ್ನು. ಬೈಕಿನ ಚಾವಿ ಅವರ ಜೇಬಲ್ಲೇ ಇತ್ತು, ನಾನು ಅದರ ಕಡೆ ನೋಡಲೂ ಇಲ್ಲ.

ಇನ್ನೂ ಒಂದು. ಕಾಡಿ ಕುಡಿದರೆ ಬಾವ ಸ್ವಲ್ಪ ಹೊತ್ತು ಜಗುಲಿಯಲ್ಲಿ ಕೂರುತ್ತಿದ್ದರು. ನಾನು ಅದನ್ನೂ ನಿಲ್ಲಿಸಿದೆ. ಇದನ್ನು ನಾನು ಯಾರ ಹತ್ತಿರ ಹೇಳಿಕೊಳ್ಳಲಿ.

ಗೋಮತಿ

*

ತೇವಾರಂ
ಅಕ್ಟೋಬರ್ 9

ಗೋಮತಿ ಕಣ್ಣೇ,

ನಿನ್ನ ಹಳೆಯ ಕಾಗದಗಳನ್ನು ದೈವಾನೈ ಕೈಗೆ ಕೊಟ್ಟೆ. ಅವಳಿಗೆ ನಮ್ಮ ಮಾತು ಬಾರದು, ತಮಿಳಿನವಳು. ಅಕ್ಷರ ನೋಡಿ "ಕಾಡಿ" ಎಂದೇ ಓದಿದಳು, ನನ್ನ ಕಿವಿಗೆ ಬಾಯಿಟ್ಟು ಕೂಗಿಸಿ ಕೇಳಿದೆ. ಗಾಡಿಯನ್ನು ಊರೆಲ್ಲ ಹೇಳುವಂತೆ ತಮಿಳಲ್ಲಿ ವಂಡಿ ಎಂದು ಬರೆದಿದ್ದರೆ ಇದೇನೂ ಆಗುತ್ತಿರಲಿಲ್ಲ. ಮನೆಮಾತಲ್ಲೇ ಬರೆಯಬೇಕು ಎಂಬ ಹಟ ನನ್ನದು. ಅವನು ಬೈಕನ್ನು ಅಂಗಡಿಯಲ್ಲೇ ಬಿಟ್ಟು ನಡೆದು ಬರುತ್ತಾನೆ, ಮನೆ ಮುಂದೆ ಕಂಡಿದ್ದರೆ ನನಗೆ ಅವತ್ತೇ ತಿಳಿಯುತ್ತಿತ್ತು. ಆಸ್ಪತ್ರೆಯಲ್ಲಿ ನಿನ್ನ ಕೈ ಹಿಡಿಯದೆ ಹೋದದ್ದು ನನ್ನ ತಪ್ಪು. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ.

ಆ ಚೊಂಬಿನ ವಿಷಯ ನೀನು ಹೊರಬೇಡ. ಅವನು ಕುಡಿದದ್ದು ಅವನ ಬಾಯಿಂದ.

ನೀನು ಒಂದು ಮುಚ್ಚಿಟ್ಟಿದ್ದೆ, ಹೇಳಿದೆ. ನಾನೂ ಒಂದು ಹೇಳಬೇಕು. ನಿನ್ನನ್ನು ಎಳಿಲ್‌ಗೆ ಕೊಡಬೇಡ ಎಂದು ನಿನ್ನ ಅಪ್ಪನಿಗೆ ಹೇಳಿದವಳು ನಾನು. ಅಣ್ಣ ತಾನಾಗಿ ಮುರೆ ಮೀರಲಿಲ್ಲ. ಆಗಲೇ ಇವನು ಕುಡಿಯುತ್ತಿದ್ದ. ಕುಡುಕನ ಮನೆಯಲ್ಲಿ ಬಾಳಿದವಳು ನಾನು, ನನ್ನ ಅಣ್ಣನ ಮಗಳನ್ನು ಅದೇ ಒಲೆಗೆ ಹಾಕಲು ಮನಸ್ಸು ಬರಲಿಲ್ಲ. ಎಳಿಲ್‌ಗೆ ಇದು ಗೊತ್ತಿಲ್ಲ. ನೀನೇ ಬೇಡ ಎಂದೆ ಎಂದು ತಿಳಿದಿದ್ದಾನೆ. ಅವನಿಗೆ ಹೇಳುವ ಧೈರ್ಯ ನನಗೆ ಬಂದಿಲ್ಲ, ನೀನೂ ಹೇಳಬೇಡ.

ಕಾಲು ನೆಲಕ್ಕೆ ಊರಲು ಶುರುಮಾಡಿದ್ದಾನೆ. ಹೊಸ ಚಕ್ರಕ್ಕೆ ಹೇಳಿಯಾಯಿತು. ಕಾರ್ತಿಗೈ ದೀಪ ಕಳೆದ ಮೇಲೆ ಮತ್ತೆ ಆಟಕ್ಕೆ ಬಾ ಎಂದು ಹರಿಹರನ್ ಕರೆದಿದ್ದಾನಂತೆ. ಬೇಡ ಎಂದರೆ ಚಿನ್ನತಂಬಿ ಅಂಗಡಿಯ ಹಿಂದೆ ಕೂತು ಕುಡಿಯುತ್ತಾನೆ, ಅಲ್ಲಿ ಎಲೆ ಹಾಕುವವರು ಯಾರೂ ಇಲ್ಲ. ನಿನ್ನ ಕಣ್ಣ ಮುಂದೆ ಇರಲಿ. ಈ ಸಲ ಯಾರು ಓದಿದರೂ ತಪ್ಪದಂತೆ ಬರೆಯುತ್ತೇನೆ. ಬೈಕ್ ಚಾವಿ. ಬಂದ ಕೂಡಲೇ ಇಸಿದುಕೋ. ತಮಿಳಲ್ಲಿ ಚಾ, ಸಾ ಕೂಡ ಒಂದೇ, ಚಾವಿಯನ್ನು ಸಾವು ಎಂದು ಓದಿ ಕೂತುಬಿಡಬೇಡ.

ಅತ್ತೆ

*

ಬೋಡಿಮೆಟ್ಟು
ಡಿಸೆಂಬರ್ 16

ಅತ್ತೆ,

ಬಾವ ಊರು ಸೇರಿರುತ್ತಾರೆ. ಬೆಳಗ್ಗೆ ಚಾವಿ ಕೊಟ್ಟೆ, ನನ್ನ ಮುಖ ನೋಡದೆ ಇಸಿದುಕೊಂಡರು. ನಿನ್ನೆ ನಡೆದದ್ದನ್ನು ಅವರು ನಿಮಗೆ ಹೇಗೆ ಹೇಳುತ್ತಾರೋ, ನಾನು ನಡೆದ ಹಾಗೆಯೇ ಬರೆಯುತ್ತೇನೆ.

ಬಂದ ಕೂಡಲೇ ಚಾವಿ ಕೇಳಿದೆ. ನಗುತ್ತಲೇ ಕೊಟ್ಟರು. ಸೊಂಟಕ್ಕೆ ಸಿಕ್ಕಿಸಿಕೊಂಡೆ. ಮನೆಯಲ್ಲಿ ಬಾಟಲಿ ಬೇಡ ಎಂದು ಇವರಿಗೆ ಮೊದಲೇ ಹೇಳಿದ್ದೆ, ಹೂಂ ಅಂದಿದ್ದರು. ಚಿನ್ನತಂಬಿ ಲುಂಗಿಯಲ್ಲಿ ಸುತ್ತಿಕೊಂಡು ತಂದ. ಇವರು ಕಂಡೂ ಕಾಣದವರಂತೆ ದಾಳ ಉರುಳಿಸಿದರು. ಸಂಜೆಯ ಹೊತ್ತಿಗೆ ಎಲ್ಲ ಹಳೆಯ ಕಥೆಯೇ.

ಬಾವ ಎದ್ದು ಚಾವಿ ಕೇಳಿದರು. ಇಲ್ಲೇ ಮಲಗಿ, ಬೆಳಗ್ಗೆ ಹೋಗಿ ಎಂದೆ. ಕಾಡಿ ಕೊಟ್ಟೆ, ಚೊಂಬನ್ನು ಅಂಗಳಕ್ಕೆ ಎಸೆದರು. ಕೈ ಮುಗಿದು ಕೇಳಿದರು, ಗದರಿಸಿ ಕೇಳಿದರು. ಇವರೂ ಅವರ ಜೊತೆ ಸೇರಿ, "ಕೊಟ್ಬುಡು ಗೋಮತಿ, ಅವ್ನು ಎಷ್ಟೋ ತಡವೆ ಇಳ್ದಿರೋ ಮಲೆ ತಾನೆ" ಎಂದರು.

"ಇಳ್ದಿರೋದು ಎಲ್ಲಾರ್ಗೂ ಗೊತ್ತು, ಬಿದ್ದಿರೋದೂ ಗೊತ್ತು. ಕೊಡಾಕಿಲ್ಲ" ಎಂದೆ. ನನ್ನ ದನಿ ನನಗೇ ಬೇರೆಯವರದಂತೆ ಕೇಳಿಸಿತು.

ಆಗ ಬಾವ ಎಲ್ಲರ ಮುಂದೆ ಆ ಮಾತು ಆಡಿದರು. "ನೀ ನನ್ ಮುರೆ ಹುಡ್ಗಿ. ಅವತ್ತು ನನ್ನ ವೇಂಡಾಂ ಅಂದೆ. ನೀ ನನ್ನ ಕಟ್ಕೊಂಡಿದ್ರೆ ನಾ ಈ ಹಾಳು ಎಳವು ಕುಡೀತಿದ್ನಾ? ಈಗ ಎತ್ಕೆ ಅಕ್ಕರೆ ತೋರುಸ್ತಿಯಾ?"

ರಾಮಸಾಮಿ ಅಣ್ಣ ತಲೆ ಬಗ್ಗಿಸಿಕೊಂಡು ಚಪ್ಪಲಿ ಹುಡುಕಿದರು. ಇವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನಲ್ಲ ಬಾವ, ನಿಮ್ಮ ಅಮ್ಮನೇ ಬೇಡ ಎಂದದ್ದು ಎನ್ನುವ ಮಾತು ನಾಲಗೆಯ ತುದಿಗೆ ಬಂತು. ಒಂದು ಮಾತಿನಲ್ಲಿ ನನ್ನ ಮಾನ ಉಳಿಯುತ್ತಿತ್ತು. ಹೇಳಲಿಲ್ಲ. ಬೆಳಗಾದರೆ ಅವರು ಬರಬೇಕಾದದ್ದು ನಿಮ್ಮ ಮನೆಗೇ ತಾನೆ.

ಜಗುಲಿಯಲ್ಲಿ ಕೂತು ಬೈದು ಬೈದು ಹಾಗೇ ಮಲಗಿಬಿಟ್ಟರು. ಕಂಬಳಿ ಹೊದಿಸಿದೆ. ಇವರು ಇವತ್ತು ನನ್ನ ಕೈಯ ಊಟ ಮುಟ್ಟಲಿಲ್ಲ. ಎರಡು ಅರ್ಥ ಹುಟ್ಟುತ್ತದೆ ಎಂದು ಹೆದರಿದ್ದೆನಲ್ಲ, ಹುಟ್ಟಿದೆ. ಇನ್ನು ಭಾನುವಾರ ಇಲ್ಲಿ ಆಟ ಇರುವುದಿಲ್ಲ ಅನಿಸುತ್ತದೆ. ನನ್ನ ಸಂಸಾರ ಹೇಗೆ ಎಂದೂ ತಿಳಿಯದು. ನನಗೆ ಕೋಪವೂ ಇದೆ ಅತ್ತೆ, ನಿಮ್ಮ ಮೇಲೆ, ಬಾವನ ಮೇಲೆ, ಇವರ ಮೇಲೆ. ಆದರೂ ನಿನ್ನೆ ಲಾರಿ ಹಾರನ್ ಹೊಡೆದಾಗ ನಾನು ಎದ್ದು ಬಾಗಿಲಿಗೆ ಹೋಗಲಿಲ್ಲ.

ಗೋಮತಿ

*

ತೇವಾರಂ
ಡಿಸೆಂಬರ್ 18

ಗೋಮತಿ,

ನಿನ್ನ ಕಾಗದ ಓದಿ ಅವನನ್ನು ಅಂಗಡಿಯಿಂದ ಕರೆಸಿದೆ. ತಟ್ಟೆ ಹಾಕಿ ಎದುರು ಕೂರಿಸಿಕೊಂಡು ಹೇಳಿಬಿಟ್ಟೆ. ಅವಳು ಬೇಡ ಎನ್ನಲಿಲ್ಲ, ನಾನು ಬೇಡ ಎಂದೆ, ನೀನು ಕುಡಿಯುತ್ತಿದ್ದೆ, ಅದಕ್ಕೇ ಎಂದೆ. ಹರಿಹರನ್‌ಗೂ ಇದನ್ನೇ ಬರೆದಿದ್ದೇನೆ, ಬೇರೆ ಕಾಗದವಿದೆ, ಮೂಕಯ್ಯ ಅವನ ಕೈಗೇ ಕೊಡುತ್ತಾನೆ. ನಾಳೆ ಅದೇ ಜೀಪಿನಲ್ಲಿ ನಾನೂ ಹತ್ತಿ ಬರುತ್ತೇನೆ. ನಿನ್ನ ಗಂಡ ಏನು ಕೇಳಬೇಕೋ ನನ್ನನ್ನು ಕೇಳಲಿ.

ಎಳಿಲ್ ತಟ್ಟೆ ತಳ್ಳಿ ಎದ್ದ. ಹೊರಗೆ ಹೋದ, ಹೋದವನು ತಿರುಗಿ ಬಂದ. ಇದನ್ನು ಬರೆಯುವಾಗ ನನ್ನ ಮುಂದೆಯೇ ನಿಂತು ಬೈಯುತ್ತಿದ್ದಾನೆ. ನನಗೆ ಕೇಳುವುದಿಲ್ಲ ಎಂದು ಅವನಿಗೂ ಗೊತ್ತು, ಆದರೂ ನಿಲ್ಲಿಸುವುದಿಲ್ಲ. ಬಾಯಿ ಆಡುವುದು ಕಾಣಿಸುತ್ತಿದೆ, ಕತ್ತಿನ ನರ ಉಬ್ಬಿದೆ.

ಬೈಯಲಿ. ಬೈಯಲು ಬಾಯಿ ಉಳಿಸಿಕೊಟ್ಟೆಯಲ್ಲ. ನಾನು ನೋಡುತ್ತಾ ಕೂತಿದ್ದೇನೆ.

ಅತ್ತೆ